ಮೊದಲ ಸಾಲಿನ ಖಾಲಿ ಕುರ್ಚಿ

"ಆ... ಆಕ್ಷೀ! ಅಯ್ಯೋ ನನ್ನಪ್ಪಾ!"

ಅರವತ್ತು ಕುರ್ಚಿಗಳ ಆ ಪುಟ್ಟ ಸಭಾಂಗಣದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗಲೇ ಯಾರೋ ಸೀನಿದರು. ವೇದಿಕೆಯ ಮೇಲಿದ್ದ ಅವಳು ತಟ್ಟನೆ ತಲೆಯೆತ್ತಿದಳು.

ಇದು... ಅವನೇ! ಸೀನಿದ ಮೇಲೆ ಹೀಗೆ ಅಪ್ಪನನ್ನು ಕರೆಯುವ ಗಂಡಸು ಲೋಕದಲ್ಲಿ ಇನ್ನೊಬ್ಬ ಇರಲಾರ!

ಅವಳದು ಒಂಟಿ ಪ್ರದರ್ಶನ. ಕಾಲ ಬಳಿ ಒಂದು ಪೆಟ್ಟಿಗೆ. ಗುಂಡಿ ತುಳಿದು ಒಂದು ಸಾಲು ಹಾಡಿದರೆ ಪೆಟ್ಟಿಗೆ ಅದನ್ನೇ ಮತ್ತೆ ಮತ್ತೆ ಹಾಡುತ್ತಿರುತ್ತದೆ. ಅದರ ಮೇಲೆ ಚಿಟಿಕೆ, ಇನ್ನೊಂದು ದನಿ, ನಡುನಡುವೆ ತನ್ನದೇ ಬದುಕಿನ ಕಥೆ. ವೇದಿಕೆಯಲ್ಲಿ ಒಬ್ಬಳೇ ಹತ್ತು ಜನ. ಮನೆಯ ಬೀಗ ತೆಗೆದರೆ ಮತ್ತೆ ಒಬ್ಬಳೇ. ಒಂದು ತಟ್ಟೆ, ಒಂದು ಲೋಟ.

ಕಥೆ ಅವನದ್ದೇ. ಗಡಿಯಾರ ರಿಪೇರಿ ಮಾಡುವವನು, ಮೂರು ವರ್ಷ ಪ್ರೀತಿಸಿದವನು. ಎರಡು ವರ್ಷದ ಹಿಂದೆ, ಮೊಟ್ಟಮೊದಲ ಪ್ರದರ್ಶನಕ್ಕೆ ಮೊದಲ ಸಾಲಲ್ಲಿ ಅವನಿಗೆಂದೇ ಕುರ್ಚಿ ಇಟ್ಟಿದ್ದಳು. ಅವನು ಬರಲೇ ಇಲ್ಲ! ಆಮೇಲೆ ಅವನ ಫೋನನ್ನು ಇವಳು ಎತ್ತಲಿಲ್ಲ.

ಅಂದಿನಿಂದ ಪ್ರತಿ ಪ್ರದರ್ಶನದ ಕೊನೆಗೂ ಆ ಖಾಲಿ ಕುರ್ಚಿಯತ್ತ ಮೈಕ್ ಹಿಡಿದು, "ಬಾರದವನ ಮಾತು ಕೇಳಿ" ಎಂದು ಗುಂಡಿ ತುಳಿಯುತ್ತಿದ್ದಳು. ಪೆಟ್ಟಿಗೆಯೊಳಗೆ ಸೇರುತ್ತಿದ್ದುದು ನಾಲ್ಕು ಸೆಕೆಂಡಿನ ಮೌನ. ಆ ಮೌನದ ಮೇಲೇ ಕೊನೆಯ ಹಾಡು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇವತ್ತೇ ಕೊನೆ. ನಾಳೆಯಿಂದ ಆ ಕುರ್ಚಿನೂ ಬೇಡ, ಅವನ ನೆನಪೂ ಬೇಡ," ಎಂದು ಬೆಳಿಗ್ಗೆಯಷ್ಟೇ ಅಕ್ಕನಿಗೆ ಹೇಳಿದ್ದಳು.

ಈಗ ನೋಡಿದರೆ ಮೌನದ ಜಾಗದಲ್ಲಿ ಸೀನು ಬಂದು ಕೂತಿದೆ!

"ಆಕ್ಷೀ! ಅಯ್ಯೋ ನನ್ನಪ್ಪಾ!... ಆಕ್ಷೀ! ಅಯ್ಯೋ ನನ್ನಪ್ಪಾ!"

ಪೆಟ್ಟಿಗೆಗೇನು ನಾಚಿಕೆಯೇ, ಮಾನವೇ? ಹೇಳುತ್ತಲೇ ಇತ್ತು. ಜನ ಗೊಳ್ಳೆಂದು ನಕ್ಕರು. ಪ್ರತಿ ಸಲ ಟಿಕೆಟ್ ಹರಿಯುವ ಅಕ್ಕ ಬಾಗಿಲಿನಿಂದಲೇ ಕೂಗಿದಳು, "ನಿಲ್ಲಿಸೇ ಅದನ್ನ, ಮಾನ ಹೋಗ್ತಿದೆ!"

ಅವಳು ನಿಲ್ಲಿಸಲಿಲ್ಲ. ಕೊನೆಯ ಸಾಲಿನಿಂದ ಒಬ್ಬ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಮೆಲ್ಲಗೆ ಜಾರಿಕೊಳ್ಳುತ್ತಿದ್ದ.

"ನಿಂತ್ಕೋ! ಅವತ್ತು ಯಾಕೆ ಬರ್ಲಿಲ್ಲ?"

ಅವನು ನಿಂತ. "ಬಂದಿದ್ದೆ ಕಣೇ... ಹತ್ತು ನಿಮಿಷ ತಡವಾಗಿತ್ತು. ಬಾಗಿಲಿಗೆ ಬರೋ ಹೊತ್ತಿಗೆ, 'ಬಾರದವನು ಇನ್ನು ಯಾವತ್ತೂ ಬರೋದು ಬೇಡ' ಅಂತ ನೀನು ಹೇಳ್ತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?"

"ಮತ್ತೆ ಇವತ್ತು?"

"ಇವತ್ತೊಂದೇ ಅಲ್ಲ. ಒಂದು ಸಲಾನೂ ತಪ್ಪಿಸಿಲ್ಲ. ನಿಮ್ಮಕ್ಕನ್ನೇ ಕೇಳು."

ಅಕ್ಕ ಸೂರು ನೋಡಿದಳು. "ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದ. ನಾನೇನ್ ಮಾಡ್ಲಿ?"

ಅವಳಿಗೆ ಅಳು ಉಕ್ಕಿ ಬಂತು. ಎರಡು ವರ್ಷ ಖಾಲಿ ಕುರ್ಚಿಗೆ ಹಾಡಿದ್ದೇ ಹಾಡಿದ್ದು... ಕೇಳಬೇಕಾದವನು ಹಿಂದೆ ಒಬ್ಬನೇ ಕೂತು ಎಲ್ಲವನ್ನೂ ಕೇಳಿದ್ದ!

"ಆ ನಾಲ್ಕು ಸೆಕೆಂಡು ಬಂದಾಗೆಲ್ಲ ಉಸಿರು ಕಟ್ಟಿ ಕೂರ್ತಿದ್ದೆ," ಎಂದ ಅವನು. "ಇವತ್ತು ತಡೆಯೋಕೆ ಆಗ್ಲಿಲ್ಲ."

ಅವಳು ಮೊದಲ ಸಾಲಿನ ಕುರ್ಚಿ ತೋರಿಸಿದಳು. ಅವನು ನಡೆದು ಬಂದು, ಅಳುಕುತ್ತಲೇ ಕೂತ.

"ಅದನ್ನ ಅಳಿಸಿಬಿಡೇ... ಎಲ್ಲರೂ ನಗ್ತಿದಾರೆ."

"ಊಹೂಂ. ನಮ್ಮನೇಲಿ ತುಂಬಾ ಮೌನ ಇದೆ. ನನಗೆ ಬೇಕು ಅದು."

"ಹಾಗಾದ್ರೆ ನಾನೇ ಬರ್ತೀನಿ."

"ತಡ ಮಾಡಲ್ಲ ತಾನೇ?"

ಅವನು ಕೈಗಡಿಯಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ನೋಡು... ಎರಡು ವರ್ಷದಿಂದ ಹತ್ತು ನಿಮಿಷ ಮುಂದಿಟ್ಟಿದೀನಿ."