ಬಿಳಿ ಚುಕ್ಕೆ ಇಡದ ಮಾಣಿಕ್ಯ

“ಸತ್ತವಳು ಬ್ರಶ್ ಅದ್ದಲಿಕ್ಕೆ ದಿನಾ ನೀರು ಬದಲಿಸ್ತೀಯಲ್ಲ, ನಿನ್ನ ತಲೆ ಸಮ ಉಂಟಾ?”

ನನ್ನ ಬೈಗಳಿಗೆ ತಮ್ಮ ರಮಾನಾಥ ತಲೆ ಎತ್ತಲಿಲ್ಲ. “ಬದಲಿಸದಿದ್ರೆ ಕೆಂಪಾಗ್ತದೆ, ಅಣ್ಣ.”

ಅವನ ಹೆಂಡತಿ ಸೇವಂತಿ ಘಾಟ್ಕೋಪರಿನ ಚಾಳಿನ ಅದೇ ಕೋಣೆಯಲ್ಲಿ ಕೂತು ಚಿನ್ನದಂಗಡಿಗಳಿಗೆ ಒಡವೆಗಳ ಡಿಸೈನ್ ಬರೆದುಕೊಡುತ್ತಿದ್ದಳು. ಕಪ್ಪು ಕಾಗದದ ಮೇಲೆ ಅವಳು ಬರೆದ ಹರಳನ್ನು ಉಗುರಿನಿಂದ ಕೀಳಬೇಕು ಅನ್ನಿಸುತ್ತಿತ್ತು. ಅವಳು ಜ್ವರದಲ್ಲಿ ತೀರಿಹೋದಾಗ ಮೇಜಿನ ಮೇಲೆ ಒಂದು ಮಾಣಿಕ್ಯ ಅರ್ಧಕ್ಕೇ ನಿಂತಿತ್ತು.

ಅವನ ಮಾತು ನಿಜವೋ ನೋಡೋಣವೆಂದು ಬ್ರಶ್ ಅದ್ದುವ ಬಟ್ಟಲನ್ನು ನಾನೇ ತೊಳೆದು, ನಲ್ಲಿ ನೀರು ತುಂಬಿಸಿ, ಎದುರಿಗೇ ಕೂತೆ. ಬ್ರಶ್ಶುಗಳು ಡಬ್ಬಿಯಲ್ಲಿ ಒಣಗಿ ಕಡ್ಡಿಯಾಗಿದ್ದವು. ಹೊರಗೆ ಮೇ ತಿಂಗಳ ಬಿಸಿಲು. ಬಟ್ಟಲು ಮಾತ್ರ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ನೀರು ಕೆಂಪಾಯಿತು. ಕಾಗದದ ಮೇಲಿನ ಮಾಣಿಕ್ಯಕ್ಕೆ ಪೂರ್ತಿ ಬಣ್ಣ ತುಂಬಿತ್ತು. ಮುಟ್ಟಿದರೆ ಹಸಿ.

“ಇನ್ನು ಹೊಳಪಿನ ಬಿಳಿ ಚುಕ್ಕೆಯೊಂದೇ ಬಾಕಿ,” ಎಂದ ರಮಾನಾಥ. “ಅದನ್ನಿಟ್ರೆ ಕೆಲಸ ಮುಗೀತು ಅಂತ ಎದ್ದು ಹೋಗ್ತಾಳೆ. ಅದಕ್ಕೇ ಬಿಳಿ ಟ್ಯೂಬು ಅಡಗಿಸಿಟ್ಟಿದ್ದೇನೆ.”

“ಅವಳು ಹೋಗ್ಲಿ ಮಾರಾಯ! ನೀನಾದ್ರೂ ಎರಡು ತುತ್ತು ಉಣ್ಣು.”

ಅವನ ದಿಂಬಿನ ಅಡಿಯಿಂದ ಟ್ಯೂಬು ಎಳೆದು, ಬೆಂಕಿಕಡ್ಡಿಯ ತುದಿಯಿಂದ ನಾನೇ ಚುಕ್ಕೆ ಇಟ್ಟೆ. ಮಾಣಿಕ್ಯ ಫಳಕ್ಕನೆ ಹೊಳೆಯಿತು.

ಮೇಜಿನ ಮುಂದಿದ್ದ ಖಾಲಿ ಕುರ್ಚಿ ಕರಕರ ಎಂದು ಹಿಂದೆ ಸರಿಯಿತು.

“ಎಂತ ಮಾಡಿದೆ ಅಣ್ಣ,” ಎಂದು ರಮಾನಾಥ ಎದ್ದ. ಬಾಗಿಲಲ್ಲಿ ಒಂದು ಬದಿಗೆ ಸರಿದು, ಯಾರನ್ನೋ ಮುಂದೆ ಬಿಟ್ಟವನಂತೆ ಒಂದು ಕ್ಷಣ ನಿಂತು, ಮೆಟ್ಟಿಲಿಳಿದ.

ಅದು ಎಂಬತ್ತಾರನೆಯ ಇಸವಿ. ಅವನು ಇನ್ನೂ ಬಂದಿಲ್ಲ.