ಚಿಟಿಕೆಗೆ ಬಾರದ ಕಪ್ಪು ಪಾಕ

ಬಹಳ ಬಹಳ ಹಿಂದೆ, ಮೋಡಗಳು ಅಲೆದಲೆದು ಸುಸ್ತಾಗಿ ಮನೆಗಳ ಜಗಲಿಯ ಮೇಲೆ ಬಂದು ಮಲಗುತ್ತಿದ್ದ ಕಾಲದಲ್ಲಿ, ದ್ರಾಕ್ಷಾವತಿ ಎಂಬ ರಾಜ್ಯವಿತ್ತು. ಎಲ್ಲಿ ನೋಡಿದರೂ ಕಪ್ಪು ದ್ರಾಕ್ಷಿಯ ಚಪ್ಪರ. ಹಣ್ಣಿನ ರಸ ಕುದಿಸಿ, ಮರದ ಪೀಪಾಯಿಗೆ ತುಂಬಿ, ಹನ್ನೆರಡು ವರ್ಷ ಸುಮ್ಮನೆ ಬಿಟ್ಟರೆ ಅದು ಹುಳಿರಸವಾಗುತ್ತಿತ್ತು. ನಾವು ಈಗ ವಿನೆಗರ್ ಅನ್ನುತ್ತೇವಲ್ಲ, ಅದರ ಮುತ್ತಜ್ಜಿ ಅಂತಿಟ್ಟುಕೊಳ್ಳಿ. ಆ ರಸವನ್ನು ಮತ್ತೆ ಒಲೆಗಿಟ್ಟು ಇಂಗಿಸಿದರೆ ಕಪ್ಪಗೆ ಮಿರುಗುವ ಹುಳಿಪಾಕ. ಅಂಜೂರದ ಮೇಲೋ ಸುಟ್ಟ ಗೆಣಸಿನ ಮೇಲೋ ನಾಲ್ಕು ಹನಿ ಸುರಿದುಕೊಂಡು ತಿಂದವರು ಆ ದಿನವಿಡೀ ಯಾರೊಡನೆಯೂ ಜಗಳವಾಡುತ್ತಿರಲಿಲ್ಲ.

ಅರಮನೆಯ ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅಕ್ಕ ಬಾಚಲೆ ಸಿಹಿತಿಂಡಿಯವಳು. ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಎಳೆ ಬಂದ ಕ್ಷಣಕ್ಕೆ ಇಳಿಸುವುದರಲ್ಲಿ ಎತ್ತಿದ ಕೈ. ತಂಗಿ ಕೇತಲೆ ಪೀಪಾಯಿಗಳನ್ನು ನೋಡಿಕೊಳ್ಳುವವಳು, ಹುಳಿಪಾಕ ಮಾಡುವವಳೂ ಅವಳೇ. ತಾಯಿತಂದೆ ಇಲ್ಲದ ಆ ಹುಡುಗಿಯನ್ನು ಬಾಚಲೆಯೇ ಎತ್ತಿ ಆಡಿಸಿ ಬೆಳೆಸಿದ್ದಳು. ಹಾಗೆ ಬೆಳೆಸಿದವರು ಬೆಳೆದವರ ಮಾತು ಕೇಳುವುದುಂಟೆ? ಬಾಚಲೆಯೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಚಿಟಿಕೆನಾಥನೆಂಬ ಮಾಂತ್ರಿಕ ಬಂದ. ಚಿಟಿಕೆ ಹೊಡೆದರೆ ಅವನಿಗೆ ಮನೆ, ಮತ್ತೊಂದು ಹೊಡೆದರೆ ಊಟ. ಆದರೆ ಚಿಟಿಕೆಯ ಊಟಕ್ಕೆ ರುಚಿಯೇ ಇರುತ್ತಿರಲಿಲ್ಲ. ಬಂದವನೇ ಹುಳಿರಸದ ಪೀಪಾಯಿಗಳನ್ನೆಲ್ಲ ಒಂದೇ ಉಸಿರಿಗೆ ಹೀರಿದ. ಮೂರು ಗಡಿಗೆ ಮಾತ್ರ ಉಳಿದವು. ಅವನ್ನು ತೋರಿಸಿ ಚಿಟಿಕೆ ಹೊಡೆದು, "ಪಾಕವಾಗು" ಅಂದ. ರಸ ಅಲುಗಲಿಲ್ಲ.

ಕೇತಲೆ ನಕ್ಕುಬಿಟ್ಟಳು. "ಅದು ಚಿಟಿಕೆಗೆ ಆಗುವ ಕೆಲಸವಲ್ಲ ಅಜ್ಜ. ಕಾಯಬೇಕು."

ಮಾಂತ್ರಿಕನ ಮುಖ ಕೆಂಪಾಯಿತು. ಚಿಟಿಕೆ ಹೊಡೆದ. ಕೇತಲೆಯ ಪಾದಗಳು ಹಕ್ಕಿಯ ಕಾಲುಗಳಾದವು. ಅವಳನ್ನೆತ್ತಿ ಒಲೆಯ ಪಕ್ಕಕ್ಕೇ ಹಬ್ಬಿದ್ದ ದ್ರಾಕ್ಷಿ ಚಪ್ಪರದ ಮೇಲೆ ಕೂರಿಸಿ ಬಾಚಲೆಗೆ ಹೇಳಿದ: "ಮೂರು ಗಡಿಗೆ, ಮೂರು ದಿನ. ನೀನೇ ಪಾಕ ಮಾಡು, ಹದಕ್ಕೆ ಬಂದರೆ ಇವಳನ್ನು ಬಿಡುತ್ತೇನೆ. ಒಂದು ಸಲ ಕೆಟ್ಟರೆ ಇವಳ ಕೈ ರೆಕ್ಕೆಯಾಗುತ್ತದೆ. ಎರಡನೆಯ ಸಲ ಕೆಟ್ಟರೆ ಇಡೀ ಹಕ್ಕಿ. ಮೂರನೆಯ ಸಲವೂ ಕೆಟ್ಟರೆ ನಿನ್ನನ್ನು ಮರೆತು ಹಾರಿಹೋಗುತ್ತಾಳೆ."

ಮೊದಲ ದಿನ ಬಾಚಲೆ ಒಂದು ಗಡಿಗೆ ತೆಗೆದಳು, ಕಲ್ಲಿನ ಪಾತ್ರೆಗೆ ಸುರಿದಳು, ಒಲೆ ಹೊತ್ತಿಸಿದಳು. ಹೆದರಿದ ಕೈ ಸೌದೆಯ ಮೇಲೆ ಸೌದೆ ಒಟ್ಟಿತು.

"ಉರಿ ತಗ್ಗಿಸಕ್ಕ" ಅಂದಳು ಕೇತಲೆ.

"ನೀನು ಸುಮ್ಮನಿರೇ. ಪಾಕದ ವಿಷಯ ನನಗೆ ಹೇಳಿಕೊಡ್ತೀಯಾ?"

ರಸ ಕೊತಕೊತ ಕುದಿಯಿತು. ಹುಳಿ ಹಬೆಗೆ ಗೋಡೆಯ ಮೇಲಿನ ಚಿತ್ರದ ಆನೆಗಳು ಕೂಡ ಕೆಮ್ಮಿದವು. ಪಾತ್ರೆಯಲ್ಲಿ ಉಳಿದದ್ದು ಸೀದ ಕರಕಲು. ಮಾಂತ್ರಿಕ ಚಿಟಿಕೆ ಹೊಡೆದ. ಕೇತಲೆಯ ಕೈಗಳು ರೆಕ್ಕೆಗಳಾದವು.

ಎರಡನೆಯ ದಿನ ಬಾಚಲೆ ಒಂದು ಗಡಿಗೆ ತೆಗೆದಳು, ಕಲ್ಲಿನ ಪಾತ್ರೆಗೆ ಸುರಿದಳು, ಒಲೆ ಹೊತ್ತಿಸಿದಳು. ಈ ಸಲ ಉರಿ ಸಣ್ಣದು. ರಸ ನಿದ್ದೆಯಲ್ಲಿ ಉಸಿರಾಡುವ ಮಗುವಿನಂತೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಪರಿಮಳಕ್ಕೆ ಮೋಡವೊಂದು ಇಳಿದು ಬಂದು ಕಿಟಕಿಯಲ್ಲಿ ಗಲ್ಲ ಊರಿ ನಿಂತಿತು. ಬಿಸಿಲು ಅಂಗಳದಲ್ಲಿ ಕಾಲು ಚಾಚಿ ಮಲಗಿತು. ರಸ ಇಂಗಿ ಅರ್ಧಕ್ಕಿಂತ ಕಡಿಮೆಯಾಯಿತು.

"ಸಾಕು, ಇಳಿಸಕ್ಕ. ಸೌಟಿನ ಬೆನ್ನಿಗೆ ತೆಳ್ಳಗೆ ಹತ್ತಿದರೆ ಆಯಿತು."

"ಎಳೆಯೇ ಬಂದಿಲ್ಲವಲ್ಲೇ! ನೀರಿನ ಹಾಗಿದೆ" ಎಂದು ಬಾಚಲೆ ಬೆರಳಲ್ಲಿ ಎಳೆದೆಳೆದು ನೋಡಿದಳು. ಎಳೆ ಬರುವವರೆಗೂ ಕಾದು ಇಳಿಸಿದಳು. ಬೆಲ್ಲಕ್ಕಾದರೆ ಅದು ಸರಿ. ಹುಳಿಪಾಕ ಆರುತ್ತಾ ಆರುತ್ತಾ ತಾನೇ ಗಟ್ಟಿಯಾಗುತ್ತದೆಂದು ಅವಳಿಗೆ ಯಾರು ಹೇಳಬೇಕು? ಹೇಳುವವಳ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಪಾಕ ಕಲ್ಲಾಯಿತು, ಸೌಟು ಅದರಲ್ಲೇ ನಿಂತುಬಿಟ್ಟಿತು. ಮಾಂತ್ರಿಕ ಕಚ್ಚಿ ನೋಡಿ ಒಂದು ಹಲ್ಲು ಕಳೆದುಕೊಂಡ. ಚಿಟಿಕೆ ಹೊಡೆದ. ಚಪ್ಪರದ ಮೇಲೆ ಕೇತಲೆ ಇರಲಿಲ್ಲ, ಒಂದು ಗೊರವಂಕ ಕೂತಿತ್ತು.

ಬಾಚಲೆ ನೆಲಕ್ಕೆ ಕುಸಿದು ಅತ್ತಳು. ಇನ್ನು ಬೇಕೆಂದರೂ ಹೇಳಿಕೊಡುವವರಿಲ್ಲ.

ಮೂರನೆಯ ದಿನ ಬಾಚಲೆ ಕೊನೆಯ ಗಡಿಗೆ ತೆಗೆದಳು, ಕಲ್ಲಿನ ಪಾತ್ರೆಗೆ ಸುರಿದಳು, ಒಲೆ ಹೊತ್ತಿಸಿದಳು. ಸಣ್ಣ ಉರಿ. ರಸ ಇಂಗತೊಡಗಿತು. ಅಭ್ಯಾಸಬಲದಿಂದ ಮತ್ತೆ ಮತ್ತೆ ಬೆರಳಿಗೆ ಹಚ್ಚಿ ಎಳೆದು ನೋಡಿದಳು. ಎಳೆಯಿಲ್ಲ. ಸೌಟಿನ ಬೆನ್ನು ನೋಡಿದಳು. ತೆಳ್ಳಗೆ, ಕಂಡೂ ಕಾಣದ ಹಾಗೆ ಕಪ್ಪು ಹತ್ತಿತ್ತು. ಇಷ್ಟೇ ಇಷ್ಟಕ್ಕೆ ಇಳಿಸುವುದೆ?

ಆಗ ಗೊರವಂಕ ಚಪ್ಪರದಿಂದ ಹಾರಿ ಬಂದು ಅವಳ ಬೆರಳನ್ನು ಟಕ್ಕೆಂದು ಕುಕ್ಕಿತು. ಇದು ತಂಗಿಯೋ, ದ್ರಾಕ್ಷಿಯ ಆಸೆಗೆ ಬಂದ ಬರಿಯ ಹಕ್ಕಿಯೋ? ಹಕ್ಕಿ ಮತ್ತೆ ಕುಕ್ಕಿತು.

"ಆಯಿತು ತಾಯಿ, ನೀನು ಹೇಳಿದ ಹಾಗೇ ಆಗಲಿ" ಎಂದು ಬಾಚಲೆ ಪಾತ್ರೆ ಇಳಿಸಿದಳು.

ಮಾಂತ್ರಿಕ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಪಾಕವೇನೇ? ಕೈ ತೊಳೆದ ನೀರು!"

"ಆರಲಿ, ಕಾಯಿರಿ" ಅಂದಳು ಬಾಚಲೆ.

ಚಿಟಿಕೆನಾಥ ಹುಟ್ಟಿದಾಗಿನಿಂದ ಯಾವುದಕ್ಕೂ ಕಾದವನಲ್ಲ. ಕೂತ. ಚಡಪಡಿಸಿದ. ಗಾಳಿ ಎಲೆಗಳನ್ನು ಒಂದೊಂದಾಗಿ ಮಾತಾಡಿಸಿಕೊಂಡು ಹೋಯಿತು. ಮೋಡ ಕಿಟಕಿಯಲ್ಲಿ ಆಕಳಿಸಿತು. ಅಷ್ಟರಲ್ಲಿ ಪಾಕ ಕಪ್ಪು ರೇಷ್ಮೆಯಾಗಿ ಮಿರುಗತೊಡಗಿತ್ತು. ಬಾಚಲೆ ಅಂಜೂರ ಸೀಳಿ ಅದರ ಮೇಲೆ ಎರಡು ಹನಿ ಬಿಟ್ಟು ಅವನ ಕೈಗೆ ಕೊಟ್ಟಳು. ಮೊದಲು ಹುಳಿ ಬಂತು, ಹಿಂದೆಯೇ ಸಿಹಿ, ಅದರ ಹಿಂದೆ ಹನ್ನೆರಡು ವರ್ಷದ ಮರದ ಘಮ. ಮುದುಕನ ಕಣ್ಣಲ್ಲಿ ನೀರು ಬಂತು. ಪಾತ್ರೆಗೇ ಎರಡೂ ಕೈ ಹಾಕಿ, ಬಾಚಿ ಬಾಚಿ ನೆಕ್ಕಿದ.

"ನನ್ನ ತಂಗಿಯನ್ನು ಕೊಡಿ."

"ಇಂಥ ಅಡುಗೆಯವಳನ್ನು ಬಿಟ್ಟು ಹೋಗುವುದೆ? ನಿನ್ನನ್ನೂ ಹಕ್ಕಿ ಮಾಡಿ ಜೋಳಿಗೆಗೆ ಹಾಕಿಕೊಳ್ಳುತ್ತೇನೆ!" ಎಂದು ಅವನು ಕೈ ಎತ್ತಿದ. ಹೆಬ್ಬೆರಳು ನಡುಬೆರಳು ಪಾಕದಲ್ಲಿ ಅಂಟಿಕೊಂಡಿದ್ದವು. ಚಿಟಿಕೆ ಸದ್ದಾಗಲಿಲ್ಲ. ಎಡಗೈ ಎತ್ತಿದ, ಅದೂ ಅಂಟು. ಸೋತ ಚಿಟಿಕೆ ತಾನು ಕಟ್ಟಿದ್ದನ್ನೆಲ್ಲ ತಾನೇ ಬಿಚ್ಚಿತು. ಹೀರಿದ ರಸ ಪೀಪಾಯಿಗಳಿಗೆ ಮರಳಿತು, ಗೊರವಂಕದ ಗರಿಗಳು ಉದುರಿದವು, ಕೇತಲೆ ಚಪ್ಪರದಿಂದ ಧೊಪ್ಪನೆ ಅಕ್ಕನ ಮೈಮೇಲೆ ಬಿದ್ದಳು.

ಮಾಯೆ ಕಳೆದುಕೊಂಡ ಮುದುಕನಿಗೆ ರಾಜ ಪೀಪಾಯಿ ಕಾಯುವ ಕೆಲಸ ಕೊಟ್ಟ. ನಾಲಗೆಗೆ ರುಚಿ ಹತ್ತಿದ ಮೇಲೆ ಅವನಿಗೂ ಕಾಯುವುದೇ ಹಿತವಾಯಿತು. ದ್ರಾಕ್ಷಾವತಿಯಲ್ಲಿ ಮನೆಮನೆಯಲ್ಲೂ ಪಾಕ, ಮನೆಮನೆಯಲ್ಲೂ ನಗು.

ಬಾಚಲೆಗೆ ಮಾತ್ರ ಒಂದು ಕುತೂಹಲ ಉಳಿಯಿತು. "ಹಕ್ಕಿಯಾಗಿದ್ದರೂ ಪಾಕ ಹದಕ್ಕೆ ಬಂದದ್ದು ನಿನಗೆ ಹೇಗೆ ತಿಳಿಯಿತೇ?"

"ಪಾಕ ಯಾರು ನೋಡಿದರು ಅಕ್ಕ?" ಅಂದಳು ಕೇತಲೆ. "ಆ ಕುದಿಯುವುದರಲ್ಲಿ ಅದ್ದಿ ಅದ್ದಿ ನಿನ್ನ ಬೆರಳೆಲ್ಲ ಬೊಬ್ಬೆ ಎದ್ದಿತ್ತು. ಸಾಕು ಬಿಡು ಅನ್ನೋಕೆ ಕುಕ್ಕಿದೆ."

ಬಾಚಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಗಷ್ಟೇ ಅವು ಉರಿಯತೊಡಗಿದವು.