ಹೆಜ್ಜೆ ಮಣ್ಣು

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮರಳೂರಿನ ಸುಧಾ, ಆರು ವರ್ಷದ ಮಗಳು ಅಮೂಲ್ಯಾಳ ಕೈ ಬಿಡದೆ ಠಾಣೆಗೆ ಬಂದಳು. ದೂರು ಇಷ್ಟೇ: ಯಾರೋ ಹೆಂಗಸು ಕಾಂಪೌಂಡಿನೊಳಗೆ ನುಗ್ಗಿ, ಮಗು ತುಳಿದ ಮಣ್ಣು ಕೆರೆದುಕೊಂಡು ಹೋಗಿದ್ದಾಳೆ. ಇದು ಮೂರನೇ ಸಲ.

"ಮಣ್ಣು ಕದ್ರೆ ಯಾವ ಸೆಕ್ಷನ್ ಹಾಕೋದಮ್ಮ?" ಎಂದ ಹೆಡ್ ಕಾನ್‌ಸ್ಟೆಬಲ್ ರಂಗಯ್ಯ.

"ಹೆಜ್ಜೆ ಮಣ್ಣು ಯಾತಕ್ಕೆ ತಗೋತಾರೆ ಅಂತ ಗೊತ್ತಿಲ್ವಾ ಸಾರ್? ಮಾಟಕ್ಕೆ! ನನ್ ಮಗು ಸತ್ತೋಗುತ್ತೆ!"

ರಂಗಯ್ಯನ ನಗು ಅಲ್ಲೇ ನಿಂತಿತು. ಹಾಗಲವಾಡಿಯಲ್ಲಿ ಮಾಟದ ಕಥೆ ಕೇಳುತ್ತಲೇ ಬೆಳೆದವನು, ಮಾಟವೆಂದರೆ ಅವನಿಗೂ ಎದೆ ಡವಡವ. ಇನ್‌ಸ್ಪೆಕ್ಟರ್ ಮಂಗಳಗೌರಿ ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ಹಾಕಿಸಿದರು. ಹನ್ನೊಂದಕ್ಕೆ ಪಂಚನಾಮೆ. ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ, ಸಿಕ್ಕಿದ್ದು ಪ್ಲಾಸ್ಟಿಕ್ ಟ್ಯೂಬಿನ ಮುಚ್ಚಳ.

ಎದುರುಮನೆಯ ಸಿಸಿ ಕ್ಯಾಮೆರಾದ ದೃಶ್ಯ ನೋಡಿದ ಮಂಗಳಗೌರಿ, "ಮಾಟಗಾತಿ ಗ್ಲೌಸ್ ಹಾಕ್ಕೊಂಡು ಬರ್ತಾಳೇನ್ರೀ?" ಎಂದರು. ಅದರಲ್ಲಿ ಕಂಡ ಹೆಂಗಸಿನ ಸ್ಕೂಟರ್ ನಂಬರಿನಿಂದ ಗುಬ್ಬಿಯ ವಿಳಾಸ ಸಿಕ್ಕಿತು.

ಬುಧವಾರ ಮಧ್ಯಾಹ್ನ ಎರಡಕ್ಕೆ ಗುಬ್ಬಿಯಲ್ಲಿ ಬಾಗಿಲು ತೆರೆದವಳು ನಂದಿತಾ, ಲ್ಯಾಬ್ ಟೆಕ್ನಿಷಿಯನ್. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ನಲವತ್ತೊಂದು ಟ್ಯೂಬು. ಒಂದೊಂದರ ಮೇಲೂ ಒಂದು ಮನೆ ನಂಬರ್, ಒಂದು ಹೆಣ್ಣುಮಗುವಿನ ವಯಸ್ಸು. ಎಲ್ಲವೂ ಆರು. ರಂಗಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಏನಮ್ಮಾ ಇದು?" ಎಂದರು ಮಂಗಳಗೌರಿ.

"ಕೆರೆ ನೀರಿನ ಡಿಎನ್‌ಎ ನೋಡಿ ಯಾವ ಮೀನಿದೆ ಅಂತ ಹೇಳೋದು ನಮ್ ಕೆಲ್ಸ. ಆ ನೀರಲ್ಲಿ ಮನುಷ್ಯರದ್ದೂ ಇರುತ್ತೆ ಮೇಡಂ. ಅದನ್ನ ನೋಡ್ಬಾರ್ದು. ನಾನು ನೋಡ್ದೆ."

"ಯಾಕೆ?"

"ಮರಳೂರು ಕೆರೇಲಿ ಒಂದು ಹೆಣ್ಣಿನ ಡಿಎನ್‌ಎ ಸಿಕ್ತು, ಅದ್ರಲ್ಲಿ ಅರ್ಧ ನನ್ನದೇ ಇತ್ತು. ಅಂದ್ರೆ ನನ್ನ ಮಗು." ಅವಳು ಫ್ರಿಜ್ಜಿನ ಬಾಗಿಲು ಮುಚ್ಚಿದಳು. "ಆರು ವರ್ಷದ ಹಿಂದೆ ಕುಣಿಗಲ್ಲಿನ ನರ್ಸಿಂಗ್ ಹೋಮಲ್ಲಿ, ಮಗು ಸತ್ತು ಹುಟ್ಟಿದೆ ಅಂದ್ರು. ಮುಖಾನೂ ತೋರಿಸ್ಲಿಲ್ಲ. ಅದಕ್ಕೇ ಮರಳೂರಲ್ಲಿ ಆ ವಯಸ್ಸಿನ ಹೆಣ್ಮಕ್ಕಳು ತುಳಿದ ಮಣ್ಣು ತಂದು ನೋಡ್ದೆ."

"ಮನೆಗಳಲ್ಲಿ ಯಾವ್ದು ಮ್ಯಾಚ್ ಆಯ್ತು?"

"ಮೂರು ಸಲ ಮಣ್ಣು ತಂದ ಮನೇದು. ನಂಬೋಕೇ ಆಗ್ಲಿಲ್ಲ."

ಮೂರು ಹತ್ತಕ್ಕೆ ಬಂಧನ. ಮಗು ಬದುಕಿದೆಯೇ ಎಂದು ತಿಳಿಯಲು ಹೀಗೆ ಮಾಡಿದ್ದಾಳೆ ಎಂದು ಮಂಗಳಗೌರಿ ಕೇಸ್ ಡೈರಿಯಲ್ಲಿ ಬರೆದರು.

ಐದು ಗಂಟೆಗೆ, ಗುರುತು ಹಿಡಿಯಲು ಮಗಳೊಂದಿಗೆ ಠಾಣೆಗೆ ಬಂದ ಸುಧಾಗೆ ರಂಗಯ್ಯ ನಡೆದದ್ದೆಲ್ಲ ಹೇಳಿದ. ಮಾಟವಲ್ಲ ಎಂದು ಕೇಳಿದರೆ ನೆಮ್ಮದಿಯಾದೀತು ಅಂದುಕೊಂಡಿದ್ದ, ಪಾಪ. ಸುಧಾ ಬಿಳಿಚಿಕೊಂಡು ಮಗಳನ್ನು ಬಾಚಿ ಎದೆಗೊತ್ತಿಕೊಂಡಳು.

"ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ. ಮಣ್ಣು ತಾನೇ, ಹೋಗ್ಲಿ ಬುಡಿ."

"ಎಫ್‌ಐಆರ್ ಆಗೋಗಿದೆಯಮ್ಮ. ಮಗೂನ ಎಲ್ಲಿಂದ ತಂದ್ರಿ?"

ಸುಧಾ ಮಗಳ ತಲೆ ಸವರಿದಳು. "ಕುಣಿಗಲ್ಲಿಂದ. ಹೆತ್ತೋಳೇ ಬೇಡ ಅಂದವ್ಳೆ ಅಂತ ಹೇಳಿ ಕೊಟ್ರು."

ಬೆಂಚಿನ ಮೇಲಿದ್ದ ನಂದಿತಾ ತಲೆಯೆತ್ತಿದಳು. "ನನ್ನ ಯಾರಕ್ಕಾ ಕೇಳಿದ್ರು?"